ನಾನು ಓದದೆ ಬಿಟ್ಟ ಹೇಳಿಕೆ

ಶಾರ್ಟ್‌ಹ್ಯಾಂಡ್ ಕಲಿಸಿದ ಮಾಸ್ಟ್ರು ನಮಗೆ ಎರಡು ಮಾತು ಹೇಳಿಕೊಟ್ಟಿದ್ದರು. ಕಿವಿಗೆ ಬಿದ್ದದ್ದನ್ನೆಲ್ಲ ಕೈ ಬರೆದುಕೊಳ್ಳಬೇಕು, ಒಳ್ಳೆಯದೋ ಕೆಟ್ಟದ್ದೋ ಎಂದು ಕೈ ನೋಡಬಾರದು. ಆಮೇಲೆ ಟೈಪ್ ಮಾಡುವಾಗ ಸಾಹೇಬರ ಮರ್ಯಾದೆ ಉಳಿಯುವ ಹಾಗೆ ತಿದ್ದಬೇಕು, ತಿದ್ದಿದ್ದು ಯಾರಿಗೂ ಗೊತ್ತಾಗಬಾರದು. ಉಡುಪಿಯ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮಹಡಿಯಲ್ಲಿ, ಹನ್ನೆರಡು ಹಳೆಯ ಟೈಪ್‌ರೈಟರುಗಳ ಗದ್ದಲದಲ್ಲಿ ಕಲಿತ ಈ ಎರಡು ಮಾತುಗಳ ಮೇಲೆ ನಾನು ದುಬೈಯಲ್ಲಿ ಹನ್ನೊಂದು ವರ್ಷ ಅನ್ನ ತಿಂದಿದ್ದೇನೆ. ಎರಡನೆಯ ಮಾತಿನಿಂದ ಒಬ್ಬ ಹೆಂಗಸನ್ನೂ ತಿಂದೆ.

ಶಾರ್ಟ್‌ಹ್ಯಾಂಡ್ ಬಾರದವರಿಗೆ ಒಂದು ವಿಷಯ ಹೇಳಬೇಕು. ಅದರಲ್ಲಿ ಅಕ್ಷರ ಬರೆಯುವುದಿಲ್ಲ, ಸದ್ದು ಬರೆಯುತ್ತೇವೆ. ಹಾಗಾಗಿ ಯಾವ ಭಾಷೆಯ ಮಾತನ್ನಾದರೂ ಆ ಗೆರೆಗಳಲ್ಲಿ ಹಿಡಿಯಬಹುದು. ಕ್ಲಾಸಿನಲ್ಲಿ ನಾವು ಹುಡುಗಿಯರು ಮಾಸ್ಟ್ರ ಮೇಲಿನ ಚಾಡಿಯನ್ನು ಕನ್ನಡದಲ್ಲೇ ಗೆರೆ ಎಳೆದು ಒಬ್ಬರಿಗೊಬ್ಬರು ದಾಟಿಸುತ್ತಿದ್ದೆವು. ಬರೆದವರ ಕೈ ಪರಿಚಯವಿಲ್ಲದವರಿಗೆ ಅದು ಇರುವೆ ನಡೆದ ಹಾಗೆ ಕಾಣುತ್ತದೆ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮತ್ತು ನನ್ನ ಗಂಡ ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ ಎರಡು ಕೋಣೆ ಹಿಡಿದಿದ್ದೆವು. ವಿಮಾನಗಳು ನಮ್ಮ ನೀರಿನ ಟ್ಯಾಂಕಿಗೆ ಹೊಟ್ಟೆ ತಾಗಿಸಿಯೇ ಇಳಿಯುತ್ತಿವೆ ಅನ್ನಿಸುತ್ತಿತ್ತು. ನಾನು ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಆಫೀಸಿನಲ್ಲಿ ಸ್ಟೆನೋ. ಗಂಡ ಅದೇ ಕಂಪನಿಯ ಸ್ಟೋರಿನಲ್ಲಿ. ನಮ್ಮಿಬ್ಬರಿಗೂ ವೀಸಾ ತೆಗೆಸಿಕೊಟ್ಟವರು ಆಫೀಸಿನ ಮ್ಯಾನೇಜರು. ನಮ್ಮ ಊರಿನ ಕಡೆಯವರೇ. ದುಬೈಯ ನಮ್ಮ ಜನರೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಊರಿನ ಎಷ್ಟೋ ಮನೆಗಳ ಒಲೆ ಅವರು ತೆಗೆಸಿಕೊಟ್ಟ ವೀಸಾದಿಂದ ಉರಿಯುತ್ತಿತ್ತು. ಕನ್ನಡ ಸಂಘದ ಕಾರ್ಯಕ್ರಮವೆಂದರೆ ದೀಪ ಹಚ್ಚಲು ಅಣ್ಣ, ಕೊನೆಗೆ ಊಟ ಸರಿಯಾಯಿತಾ ಎಂದು ಕೇಳಲು ಅಣ್ಣ. ನಾನೂ ಅವರನ್ನು ಅಣ್ಣ ಎಂದೇ ಕರೆದೆ. ಇವತ್ತಿಗೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಆ ಪದದ ಮೇಲೆ ನನಗಿರುವ ಸಿಟ್ಟು ಅವರ ಮೇಲಿನ ಸಿಟ್ಟಿಗಿಂತ ಕಡಿಮೆಯಲ್ಲ.

ಆಫೀಸು ಗುಡಿಸಿ ಒರೆಸಿ ಎಲ್ಲರಿಗೂ ಚಹಾ ಕೊಡುತ್ತಿದ್ದವಳು ಇಥಿಯೋಪಿಯಾದವಳು. ನನ್ನದೇ ವಯಸ್ಸು, ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಅವಳನ್ನು ಮೊದಲು ತರಿಸಿಕೊಂಡದ್ದು ಅಣ್ಣನ ಮನೆಗೆಲಸಕ್ಕೆ. ಎರಡು ವರ್ಷ ಅಲ್ಲಿ ಅಡುಗೆ ಮಾಡಿ, ಮಗು ನೋಡಿಕೊಂಡು, ಅಣ್ಣನ ಹೆಂಡತಿಯ ಬೈಗುಳದಿಂದಲೇ ಕನ್ನಡ ಕಲಿತಿದ್ದಳು. ನೀರುದೋಸೆ ನನಗಿಂತ ತೆಳ್ಳಗೆ ಎರೆಯುತ್ತಿದ್ದಳು. ಒಂದು ದಿನ ಅಣ್ಣನ ಹೆಂಡತಿ ಇನ್ನು ಇವಳು ಮನೆಗೆ ಬೇಡವೆಂದರಂತೆ, ಅವಳನ್ನು ಆಫೀಸಿಗೆ ಹಾಕಿದರು. ಯಾಕೆ ಬೇಡ ಎಂದು ನಾವು ಯಾರೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ನಮ್ಮ ಜನ ಬಹಳ ಗಟ್ಟಿಗರು.

ನಾನೂ ಕಪ್ಪೇ. ಕಡಲೆಹಿಟ್ಟು, ಹಾಲಿನ ಕೆನೆ, ಅರಿಶಿನ ಎಲ್ಲ ತಿಕ್ಕಿ ತಿಕ್ಕಿ ಅಮ್ಮನ ಕೈ ಬೆಳ್ಳಗಾಯಿತೇ ಹೊರತು ನಾನಾಗಲಿಲ್ಲ. ಹೆಣ್ಣು ನೋಡಲು ಬಂದ ಮೂವರು ಉಪ್ಪಿಟ್ಟು ತಿಂದು ಎದ್ದುಹೋದ ಮೇಲೆ ನಾಲ್ಕನೆಯವರು ಒಪ್ಪಿದ್ದು. ಆಫೀಸಿಗೆ ಆ ಹುಡುಗಿ ಬಂದ ಮೊದಲ ದಿನ, ನನಗಿಂತ ಕಪ್ಪಾದವಳು ಒಬ್ಬಳು ಸಿಕ್ಕಿದಳು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದು ಹಾಗೆ. ಅವಳು ಮಾತ್ರ ಕನ್ನಡ ಕಿವಿಗೆ ಬಿದ್ದ ಖುಷಿಗೆ ಓಡಿಬಂದು ನನ್ನನ್ನು ಅಕ್ಕಾ ಎಂದಳು. ಮರುದಿನದಿಂದ ನನ್ನ ಚಹಾಕ್ಕೆ ಒಂದು ಏಲಕ್ಕಿ ಹೆಚ್ಚು.

ಅವಳು ಬಂದು ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನನಗೆ ಆಫೀಸಿನ ಬಾತ್‌ರೂಮಿನಲ್ಲಿ ವಾಂತಿಯಾಯಿತು. ನೆಲ ಒರೆಸುತ್ತಿದ್ದವಳು ಓಡಿಬಂದು ಹಣೆ ಹಿಡಿದುಕೊಂಡಳು, ಲೋಟದಲ್ಲಿ ನೀರು ತಂದು ಬಾಯಿ ತೊಳೆಸಿದಳು. ಏನೂ ಕೇಳಲಿಲ್ಲ. ಹೊರಗೆ ಬಂದರೆ ಅಕೌಂಟ್ಸಿನವರು, “ಎಂತ, ವಿಶೇಷವಾ? ಸ್ವೀಟ್ ಯಾವಾಗ?” ಎಂದು ನಕ್ಕರು. ನಾನೂ ನಕ್ಕೆ. ವಿಶೇಷವೇನೂ ಇರಲಿಲ್ಲ. ಅದು ಏನು ಎಂದು ಕೊನೆಯಲ್ಲಿ ಹೇಳುತ್ತೇನೆ, ಈಗಲೇ ಹೇಳುವ ಧೈರ್ಯ ಬರುತ್ತಿಲ್ಲ.

ಅದಾಗಿ ಒಂದು ವರ್ಷಕ್ಕೆ ಕಂಪನಿಗೆ ಒಬ್ಬರು ಅಮೆರಿಕದವರು ಬಂದರು. ದೊಡ್ಡ ಟೆಂಡರುಗಳ ಇಂಗ್ಲಿಷು ತಿದ್ದುವ ಕೆಲಸ. ಐವತ್ತು ದಾಟಿದ ಎತ್ತರದ ಹೆಂಗಸು, ಕತ್ತಿಗೆ ಸರಪಳಿಯಲ್ಲಿ ತೂಗುವ ಕನ್ನಡಕ, ಬಣ್ಣ ಆ ಇಥಿಯೋಪಿಯಾದವಳಿಗಿಂತಲೂ ಗಾಢ. ನಮ್ಮವರಿಗೆ ತಲೆ ತಿರುಗಿತು. ಅಮೆರಿಕದವರೆಂದರೆ ಬೆಳ್ಳಗಿರಬೇಕಲ್ಲ? ಮೊದಲ ವಾರ ಅಕೌಂಟ್ಸಿನ ಒಬ್ಬರು ಅವರ ಕೈಗೆ ಖಾಲಿ ಚಹಾ ಕಪ್ಪು ಕೊಟ್ಟು ಕಳಿಸಿದ್ದೂ ಆಯಿತು. ಪಾಸ್‌ಪೋರ್ಟಿನ ಬಣ್ಣ ಗೊತ್ತಾದ ಮೇಲೆ ಅವರು ಮೇಡಂ ಆದರು. ಇವಳು ನಮ್ಮವರ ಬಾಯಲ್ಲಿ ಹಬ್ಶಿ, ಅಂದರೆ ಆಫ್ರಿಕಾದ ಕರಿಯಳು, ಆಗಿಯೇ ಉಳಿದಳು.

ಮೇಡಂ ಬಂದ ಮೂರನೆಯ ತಿಂಗಳಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ಇಥಿಯೋಪಿಯಾದವಳು ಅಣ್ಣನ ಚಹಾವನ್ನು ಅವರ ಕ್ಯಾಬಿನ್ನಿನ ಬಾಗಿಲ ಹೊರಗೆ ನೆಲದ ಮೇಲೆ ಇಟ್ಟಳು. ಬಾಗಿಲು ತಟ್ಟಲಿಲ್ಲ. ಮೇಜಿಗೆ ಒಯ್ಯಲಿಲ್ಲ. ಸಾಸರಿನ ಮೇಲೆ ಕಪ್ಪು, ಪಕ್ಕದಲ್ಲಿ ಎರಡು ಬಿಸ್ಕಿಟು, ಎಲ್ಲ ಲಕ್ಷಣವಾಗಿ, ನೆಲದ ಮೇಲೆ. ಮತ್ತೆ ಪ್ಯಾಂಟ್ರಿಗೆ ಹೋದಳು. ಹತ್ತಿರ ಕೂತಿದ್ದವರು ಮರೆತಿರಬೇಕು ಎಂದುಕೊಂಡರು. ಭಾನುವಾರವೂ ಹಾಗೆಯೇ ಇಟ್ಟಳು.

“ಏನಿದು ಹೊಸ ಪದ್ಧತಿ?” ಎಂದು ನಾನು ಪ್ಯಾಂಟ್ರಿಗೆ ಹೋಗಿ ಕೇಳಿದೆ.

“ನಾನು ಒಳಗೆ ಹೋಗುದಿಲ್ಲ ಅಕ್ಕಾ. ಖಲಾಸ್,” ಎಂದಳು.

ಗುರುವಾರ ಅರ್ಧ ದಿನದ ಆಫೀಸು. ಹಿಂದಿನ ಗುರುವಾರ ಎಲ್ಲರೂ ಹೊರಟ ಮೇಲೆ ಅಣ್ಣ ಅವಳನ್ನು ಕ್ಯಾಬಿನ್ ಕ್ಲೀನ್ ಮಾಡಲು ಉಳಿಸಿಕೊಂಡದ್ದು ನನಗೆ ಗೊತ್ತಿತ್ತು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಅವಳ ಮುಂದೆಯೇ ಹೊರಟುಬಂದಿದ್ದೆ. ಅವಳು ನನ್ನನ್ನು ನೋಡಿದ್ದಳು. ನಾನು ಲಿಫ್ಟಿನ ಬಟನ್ ಒತ್ತಿದ್ದೆ.

ಮೂರನೆಯ ದಿನ ಅಣ್ಣ ಬಾಗಿಲು ತೆರೆದು ಹೊರಗೆ ಬಂದವರು ಬೂಟಿನ ತುದಿಯಿಂದ ಕಪ್ಪನ್ನು ಒದ್ದರು. ಬೇಕೆಂದೇ ಒದ್ದರು, ಒದೆಯುವಾಗ ಮುಖದಲ್ಲಿ ನಗುವಿತ್ತು. ಚಹಾ ಕಾರ್ಪೆಟ್ಟಿನ ಅಂಚಿನವರೆಗೂ ಹರಿಯಿತು.

“ಒರೆಸು,” ಎಂದರು ಕನ್ನಡದಲ್ಲಿ.

ಅವಳು ಅಲ್ಲಿಯೇ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆಯೂ ಇತ್ತು. ಒರೆಸಲಿಲ್ಲ. ಹದಿನಾಲ್ಕು ಜನ ಟೈಪ್ ಮಾಡುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅವಳು ಅಣ್ಣನ ಮುಖವನ್ನೇ ನೋಡುತ್ತ ನಿಂತಳು, ಅಣ್ಣನ ನಗು ಒಂದು ಕಡೆಯಿಂದ ಇಳಿಯತೊಡಗಿತು. ಆಗ ನಾನು ಎದ್ದುಹೋಗಿ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ನೆಲ ಒರೆಸಿದೆ. ಯಾರೂ ನನಗೆ ಹೇಳಿರಲಿಲ್ಲ. ಎರಡೂ ಮಂಡಿ ಊರಿ, ಬಿಸ್ಕಿಟಿನ ಚೂರುಗಳನ್ನೂ ಆರಿಸಿದೆ. ಗಲಾಟೆ ತಪ್ಪಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಲ್ಕನೆಯ ದಿನ ಕಪ್ಪು ಮತ್ತೆ ನೆಲದ ಮೇಲಿತ್ತು.

ಮೇಡಂ ಇದನ್ನೆಲ್ಲ ನೋಡುತ್ತಿದ್ದರು. ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನನ್ನ ಎದುರು ಕೂತು ಅವರು ತಮ್ಮ ತಾಯಿಯ ಕಥೆ ಹೇಳಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೆನಪಿದ್ದಷ್ಟು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅವರ ತಾಯಿ ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಬಿಳಿಯರ ಮನೆಯ ಅಡುಗೆಯವಳು. ಇಪ್ಪತ್ತು ವರ್ಷದವಳಿದ್ದಾಗ, ಚರ್ಚಿನಿಂದ ಮನೆಗೆ ನಡೆದುಬರುವಾಗ, ನಾಲ್ವರು ಬಿಳಿ ಹುಡುಗರು ಕಾರಿಗೆ ಎಳೆದುಕೊಂಡರು. ಆ ಊರಿನಲ್ಲಿ ಅದೇನೂ ಹೊಸದಲ್ಲ. ಹೊಸದೆಂದರೆ ಅವಳು ಮನೆಗೆ ಬಂದು ಹೇಳಿದ್ದು, ಮರುದಿನ ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದು, ಆಮೇಲೆ ಕೋರ್ಟಿನಲ್ಲಿ ಹೇಳಿದ್ದು. ನ್ಯಾಯ ಬೇಕೆಂದು ಚರ್ಚಿನ ಹೆಂಗಸರು ಮನೆಮನೆಗೆ ಹೋಗಿ ಸಹಿ ತಂದರು. ಅವಳ ಮನೆಯ ಜಗುಲಿಗೆ ಬೆಂಕಿ ಬಿತ್ತು. ಕೋರ್ಟಿನಲ್ಲಿ ವಕೀಲ, ನಿನ್ನ ಬಟ್ಟೆ ಎಂಥದ್ದಿತ್ತು, ನೀನು ನಕ್ಕಿದ್ದೆಯಾ ಎಂದೆಲ್ಲ ಕೇಳಿದ. ಅವಳು ನಡೆದದ್ದನ್ನು ನಡೆದ ಹಾಗೆ, ಒಂದೂ ಮಾತು ನುಂಗದೆ ಹೇಳಿದಳು. ಹುಡುಗರು ಬಿಡುಗಡೆಯಾಗಿ ಅವಳ ಮುಂದೆಯೇ ಸಿಗರೇಟು ಹಚ್ಚಿಕೊಂಡು ಹೋದರು.

“ಆಮೇಲೆ?” ಎಂದೆ.

ಆಮೇಲೆ ಕೆಲವು ವರ್ಷಕ್ಕೆ ಅವಳು ದೊಡ್ಡ ಪಟ್ಟಣಕ್ಕೆ ಹೋದಳಂತೆ. ಅಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕೆಂಬ ನಿಯಮದ ವಿರುದ್ಧ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟಾಗ, ಅವಳೂ ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸಕ್ಕೆ ನಡೆದೇ ಹೋದಳಂತೆ. ಶಾಲೆಯ ಪುಸ್ತಕಗಳಲ್ಲಿ ಅದು ಸೀಟಿನ ಜಗಳ ಎಂದು ಬರೆಯುತ್ತಾರೆ, ಎಂದರು ಮೇಡಂ. ಸೀಟಿನ ಮಾತು ಬರುವ ಮೊದಲೇ ಮೈಯ ಮಾತಿತ್ತು. ಡ್ರೈವರಿನ ಕೈ, ಪೊಲೀಸಿನ ಕೈ, ಅಡುಗೆ ಮಾಡುವ ಮನೆಯ ಯಜಮಾನನ ಕೈ, ಇವೆಲ್ಲ ಸಾಕಾಗಿಯೇ ಆ ಹೆಂಗಸರು ನಡೆದದ್ದು. ಹೀಗೆ ಹೇಳಿ ಕನ್ನಡಕ ಒರೆಸಿಕೊಂಡರು. “ನಮ್ಮಮ್ಮ ಸೋತಳು. ಆದರೆ ಕೋರ್ಟಿನ ಕಾಗದದಲ್ಲಿ ಅವಳ ಮಾತು ಉಂಟು, ಅವಳು ಹೇಳಿದ ಹಾಗೆಯೇ. ನಲವತ್ತು ವರ್ಷದ ಮೇಲೆ ನಾನು ಹೋಗಿ ಓದಿದೆ. ಸುಳ್ಳು ಹೇಳಿದಳು ಎಂದು ಇನ್ನು ಯಾರೂ ನನ್ನ ಮುಂದೆ ಹೇಳುವ ಹಾಗಿಲ್ಲ.”

ಆಮೇಲೆ ನೆಲದ ಮೇಲಿನ ಕಪ್ಪಿನ ಕಡೆ ಕೈ ತೋರಿಸಿ, ಈ ಹುಡುಗಿಯ ಮಾತನ್ನೂ ಕಾಗದಕ್ಕೆ ಇಳಿಸಬೇಕು, ನೀನು ಸಹಾಯ ಮಾಡುತ್ತೀಯಾ ಎಂದು ಕೇಳಿದರು. ಹುಡುಗಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಅರಬಿ ಅಂಗಡಿಗೆ ಹೋಗಿ ಬರುವಷ್ಟು. ಅವಳ ಭಾಷೆ ಅಲ್ಲಿ ಯಾರಿಗೂ ಬಾರದು. ಅವಳು ಮನಸ್ಸು ಬಿಚ್ಚಿ ಮಾತಾಡಬಹುದಾಗಿದ್ದದ್ದು ಕನ್ನಡದಲ್ಲಿ ಮಾತ್ರ. ಆಫೀಸಿನಲ್ಲಿ ಕನ್ನಡ ಬಲ್ಲ ಹೆಂಗಸು ನಾನೊಬ್ಬಳೇ. ನಾನು ಹೂಂ ಎಂದೆ.

ಮೇಡಂ ಕ್ಯಾಬಿನ್ನಿನಲ್ಲಿ ಮೂವರೂ ಕೂತೆವು. ಹುಡುಗಿ ಮಡಿಲಲ್ಲಿ ಕೈ ಇಟ್ಟುಕೊಂಡು ಹೇಳತೊಡಗಿದಳು. ನನ್ನ ಕೈ ಎಲ್ಲವನ್ನೂ ಬರೆದುಕೊಂಡಿತು, ಕನ್ನಡದ ಸದ್ದು ಸದ್ದಾಗಿಯೇ, ಒಂದನ್ನೂ ಬಿಡದೆ. ಅದು ಕೈಗೆ ರೂಢಿ. ಅವಳು ಹತ್ತು ನಿಮಿಷ ಮಾತಾಡಿ, ಯಾರೋ ಚಹಾಕ್ಕೆ ಕರೆದರೆಂದು ಎದ್ದುಹೋದಳು. ಮೇಡಂ ನನ್ನ ಕಡೆ ತಿರುಗಿ, ಏನಂದಳು ಎಂದರು.

ನಾನು ಬಾಯಿ ತೆರೆದೆ. ಅಣ್ಣ ಅವಳ ಕೈ ಹಿಡಿದರಂತೆ, ಅದು ಅವಳಿಗೆ ಸರಿ ಕಾಣಲಿಲ್ಲವಂತೆ ಎಂದೆ.

“ಅಷ್ಟೇನಾ? ಅವಳು ಬಹಳ ಹೊತ್ತು ಮಾತಾಡಿದಳಲ್ಲ.”

“ಹೇಳಿದ್ದನ್ನೇ ಹೇಳ್ತಿದ್ದಾಳೆ,” ಎಂದೆ. ನನ್ನ ಇಂಗ್ಲಿಷು ಅವತ್ತಿನಷ್ಟು ಸ್ವಚ್ಛವಾಗಿ ಯಾವತ್ತೂ ಇರಲಿಲ್ಲ.

ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಬಹುದು. ನಾಚಿಕೆ ಎಂದು ಬಹಳ ವರ್ಷ ನಾನೇ ನಂಬಿಕೊಂಡಿದ್ದೆ. ಅಂಥ ಮಾತನ್ನು ನಮ್ಮ ಕಡೆಯ ಹೆಣ್ಣು ಹೇಗೆ ಬಾಯಲ್ಲಿ ಹೇಳುವುದು, ಅದೂ ಇಂಗ್ಲಿಷಿನಲ್ಲಿ, ಅದೂ ಪರದೇಶದವರ ಮುಂದೆ? ಆಮೇಲೆ ಭಯ ಎಂದುಕೊಂಡೆ. ಆ ಸಂಜೆ ಗಂಡನಿಗೆ ಹೇಳಿದಾಗ ಅವರು ಟಿವಿಯಿಂದ ಕಣ್ಣು ತೆಗೆಯದೆ, “ನಮ್ಮಿಬ್ಬರ ವೀಸಾ ಅಣ್ಣನ ಕೈಯಲ್ಲಿ ಉಂಟು, ನೆನಪಿರಲಿ. ಕರಿಯರ ಜಗಳಕ್ಕೆ ನಾವ್ಯಾಕೆ ಮಾರಾಯ್ತಿ?” ಎಂದರು. ಮರುದಿನ, ಸುದ್ದಿ ಹೇಗೆ ತಲುಪಿತೋ, ಅಣ್ಣನ ಹೆಂಡತಿಯ ಫೋನು ಬಂತು. “ನೀನು ಅಲ್ಲಿದ್ದೀ ಅಂತ ನಂಗೆ ತಲೆಬಿಸಿ ಇಲ್ಲ. ಎಂತ ಬರೀಬೇಕು ಅಂತ ನಿಂಗೆ ಗೊತ್ತುಂಟಲ್ಲ? ಆ ಜನಕ್ಕೆಲ್ಲ ಇದು ದೊಡ್ಡ ವಿಷಯ ಅಲ್ವೇ ಅಲ್ಲ,” ಎಂದು ಹೇಳಿ, ಅದೇ ಉಸಿರಿನಲ್ಲಿ ಉಪ್ಪಿನಕಾಯಿ ಕಳಿಸುತ್ತೇನೆ ಎಂದರು. ಉಪ್ಪಿನಕಾಯಿ ಬಂತು. ತಿಂದೆವು.

ನಾನು ಹೇಳಿಕೆಯನ್ನು ಇಂಗ್ಲಿಷಿಗೆ ಇಳಿಸಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಅರ್ಧ ಪುಟ. ಎಡಗಡೆ ಅಂಚು, ಬಲಗಡೆ ಅಂಚು, ಒಂದೂ ತಪ್ಪಿಲ್ಲ. ಹುಡುಗಿ ಅದರ ಕೆಳಗೆ ತನ್ನ ಲಿಪಿಯಲ್ಲಿ ಸಹಿ ಮಾಡಿದಳು. ಸಹಿ ಮಾಡುವ ಮೊದಲು ಕೇಳಿದಳು, “ಎಲ್ಲ ಬರೆದಿದ್ದೀಯಾ ಅಕ್ಕಾ?”

“ಎಲ್ಲ ಉಂಟು,” ಎಂದೆ.

ಕಂಪನಿಯ ಮಾಲೀಕರು ವಯಸ್ಸಾದ ಎಮಿರಾತಿ, ಆ ನಾಡಿನವರೇ. ತಿಂಗಳಿಗೊಮ್ಮೆ ಬರುತ್ತಿದ್ದರು. ಬಂದಾಗ ಹುಡುಗಿಯನ್ನೂ ಚೆನ್ನಾಗಿದ್ದೀಯಾ ಮಗಳೇ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದವರು. ಅವರಿಗೆ ಹೇಳುತ್ತೇನೆ, ಅವರು ಕೇಳುತ್ತಾರೆ ಎಂಬ ನಂಬಿಕೆ ಅವಳಿಗೆ. ಮೇಡಂ ಕಾಗದವನ್ನು ಅವರಿಗೆ ಕಳಿಸಿದರು. ಅವರು ಮರುವಾರವೇ ಬಂದು ಎಲ್ಲರನ್ನೂ ಕೂರಿಸಿದರು. ಅಣ್ಣ, ಮೇಡಂ, ಹುಡುಗಿ, ನಾನು. ಅವರು ನ್ಯಾಯ ಮಾಡಲೆಂದೇ ಬಂದಿದ್ದರು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ನಮ್ಮವರೆಲ್ಲ ಅರಬರ ನಾಡಿನಲ್ಲಿ ಇನ್ನೇನಾಗುತ್ತದೆ ಎಂದು ಸುಲಭವಾಗಿ ಕೈ ತೊಳೆದುಕೊಂಡರು. ಅಲ್ಲಿ ಆದದ್ದನ್ನು ಮಾಡಿದವರು ನಾವು.

ಮಾಲೀಕರು ಹುಡುಗಿಯನ್ನು ಅರಬಿಯಲ್ಲಿ ಕೇಳಿದರು. ಅವಳು ತನಗೆ ಬರುವ ನಾಲ್ಕಾರು ಮಾತಿನಲ್ಲಿ ಹೇಳಿದಳು, ಬಾಗಿಲು, ನೆಲ, ಹರಾಮ್. ಕೈಯಿಂದ ತನ್ನ ಬಾಯಿ ಮುಚ್ಚಿ ತೋರಿಸಿದಳು. ಮುದುಕರ ಮುಖ ಬಿಗಿಯಿತು. ಕಾಗದ ಎತ್ತಿ ಮತ್ತೆ ಓದಿದರು.

“ಇಲ್ಲಿ ಕೈ ಹಿಡಿದರು ಎಂದಷ್ಟೇ ಇದೆ. ಈಗ ಹೇಳುವುದು ಬೇರೆ. ಯಾವುದು ನಿಜ?” ಎಂದು ಇಂಗ್ಲಿಷಿನಲ್ಲಿ ಎಲ್ಲರನ್ನೂ ನೋಡಿ ಕೇಳಿದರು.

ಮೇಡಂ ತಟ್ಟನೆ ನನ್ನ ಕಡೆ ನೋಡಿದರು. “ಇವಳ ನೋಟ್‌ಬುಕ್ಕಿನಲ್ಲಿ ಅವಳು ಹೇಳಿದ್ದು ಪೂರ್ತಿ ಇದೆ. ಅದನ್ನೇ ಓದಲಿ.”

ನೋಟ್‌ಬುಕ್ಕು ನನ್ನ ಮಡಿಲಲ್ಲೇ ಇತ್ತು. ಮಾಲೀಕರು ಆಗಲಿ ಎಂದು ತಲೆ ಆಡಿಸಿದರು. ನಾನು ಪುಟ ತೆರೆದೆ. ಗೆರೆಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಅವಳ ಉಸಿರು ನಿಂತ ಜಾಗವೂ ಗೊತ್ತಾಗುತ್ತಿತ್ತು. ಓದಿಬಿಡುತ್ತೇನೆ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಕಣ್ಣು ಅವಳ ಮಾತನ್ನು ಓದುತ್ತಿತ್ತು, ಬಾಯಿ ನಾನು ಟೈಪ್ ಮಾಡಿದ ಅರ್ಧ ಪುಟವನ್ನು ಒಪ್ಪಿಸುತ್ತಿತ್ತು. ಬೆರಳನ್ನೂ ಗೆರೆಗಳ ಕೆಳಗೆ ಸರಿಸುತ್ತ ಹೋದೆ, ನೋಡುವವರಿಗೆ ಅನುಮಾನ ಬಾರದ ಹಾಗೆ. ಕೈ ಹಿಡಿದರು. ಸರಿ ಕಾಣಲಿಲ್ಲ. ಮುಗಿಯಿತು.

ಅಷ್ಟು ಇಂಗ್ಲಿಷು ಹುಡುಗಿಗೂ ಬರುತ್ತಿತ್ತು. ಅವಳು ಕುರ್ಚಿಯಿಂದ ಎದ್ದಳು. “ಅಕ್ಕಾ, ಅಷ್ಟೇ ಅಲ್ಲ. ಇನ್ನೂ ಉಂಟಲ್ಲ? ನೀನು ಬರೆದದ್ದು ನಾನು ನೋಡಿದ್ದೇನೆ. ಓದು ಅಕ್ಕಾ.”

ಆ ಕೋಣೆಯಲ್ಲಿ ಆ ಮಾತು ಅರ್ಥವಾಗುತ್ತಿದ್ದದ್ದು ಮೂವರಿಗೆ. ಅವಳಿಗೆ, ನನಗೆ, ಅಣ್ಣನಿಗೆ. ಅಣ್ಣ ತಮ್ಮ ಪೆನ್ನಿನ ಮುಚ್ಚಳ ಹಾಕುತ್ತ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ, “ಓದಿ ಆಯಿತಲ್ಲ?” ಎಂದರು.

ಮಾಲೀಕರು ನನ್ನನ್ನು ಕೇಳಿದರು, ಏನಂತಾಳೆ?

“ಅಷ್ಟೇ ಅಂತಿದ್ದಾಳೆ,” ಎಂದೆ ಇಂಗ್ಲಿಷಿನಲ್ಲಿ.

ಸುಳ್ಳು ಹೇಳುವವಳನ್ನು ಇಟ್ಟುಕೊಳ್ಳುವುದು ಬೇಡ ಎಂದು ಮಾಲೀಕರು ಬೇಸರದಿಂದಲೇ ಎದ್ದರು. ಅಣ್ಣನಿಗೆ ಕೈ ಹಿಡಿದದ್ದಕ್ಕೆ ಎರಡು ಬುದ್ಧಿಮಾತು ಹೇಳಿದರು. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವಳ ವೀಸಾ ಕ್ಯಾನ್ಸಲ್ ಆಗಲು ಒಂದು ವಾರ. ಅದರ ಅರ್ಜಿ ಟೈಪ್ ಮಾಡಿದವಳೂ ನಾನೇ.

ಕೊನೆಯ ದಿನದ ಬೆಳಿಗ್ಗೆಯೂ ಅವಳು ಎಲ್ಲರಿಗೂ ಚಹಾ ಮಾಡಿದಳು. ಅವಳನ್ನು ಹಬ್ಶಿ ಎಂದು ಕರೆಯುತ್ತಿದ್ದವರ ಮೇಜಿಗೂ ಇಟ್ಟಳು. ಅಣ್ಣನದನ್ನು ಬಾಗಿಲ ಹೊರಗೆ ಇಟ್ಟಳು. ಆಮೇಲೆ ನನ್ನ ಹತ್ತಿರ ಬಂದಳು. ಏಲಕ್ಕಿಯ ವಾಸನೆ ಬರುತ್ತಿತ್ತು. ಬಗ್ಗಿ, ಸಾಸರು ಸದ್ದಾಗದಂತೆ, ನನ್ನ ಕಪ್ಪನ್ನು ನನ್ನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಇಟ್ಟು ಹೋದಳು. ಅದನ್ನು ಎತ್ತಿ ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಮಧ್ಯಾಹ್ನ ಅವಳ ವಿಮಾನ. ಮಿರ್ದಿಫ್‌ನಲ್ಲಿದ್ದಷ್ಟು ವರ್ಷ ರಜೆಯ ದಿನ ಆ ಹೊತ್ತಿನ ವಿಮಾನದ ಸದ್ದು ಕೇಳದ ಹಾಗೆ ನಾನು ಅಡುಗೆಮನೆಯ ನಲ್ಲಿ ತಿರುಗಿಸಿ ಬಿಡುತ್ತಿದ್ದೆ.

ಮೇಡಂ ತಿಂಗಳೊಳಗೆ ಕೆಲಸ ಬಿಟ್ಟರು. ಹೊರಡುವ ದಿನ ನನ್ನ ಮೇಜಿನ ಹತ್ತಿರ ನಿಂತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. “ನಮ್ಮಮ್ಮನ ಕೇಸಿನಲ್ಲಿ ಸ್ಟೆನೋ ಒಬ್ಬಳು ಬಿಳಿ ಹೆಂಗಸು,” ಎಂದರು. “ಅವಳಿಗೆ ನಮ್ಮಮ್ಮನ ಮೇಲೆ ಪ್ರೀತಿಯೇನಿರಲಿಲ್ಲ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳಂತೆ. ಆದರೂ ಒಂದು ಮಾತನ್ನೂ ಬಿಡದೆ ಬರೆದಿದ್ದಳು.” ಕನ್ನಡಕವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದರು.

ವರ್ಷಗಳು ಕಳೆದವು. ನಾನು ಕೆಲಸ ಬಿಟ್ಟೆ, ಗಂಡನಿಗೆ ಅಬುಧಾಬಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಹೊಸ ಮನೆ. ಅಲ್ಲಿ ಮಗಳು ಹುಟ್ಟಿ, ಶಾಲೆಗೂ ಹೋಗತೊಡಗಿದಳು. ಅಣ್ಣನಿಗೆ ಅರವತ್ತು ತುಂಬಿತೆಂದು ಸಂಘದವರು ಒಂದು ಶುಕ್ರವಾರ ಸನ್ಮಾನ ಇಟ್ಟುಕೊಂಡರು. ನಮ್ಮಲ್ಲಿ ಸನ್ಮಾನವೆಂದರೆ ಪೇಟ, ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನಪತ್ರ. ಪತ್ರ ಬರೆದು ಓದುವವರು ಒಬ್ಬರು ಬೇಕು. ಕನ್ನಡ ಚೆನ್ನಾಗಿ ಬರೆಯುವವಳು, ಅಣ್ಣನ ಕೈಕೆಳಗೆ ಕೆಲಸ ಮಾಡಿದವಳು ಎಂದು ನನ್ನನ್ನೇ ಕೇಳಿದರು. ನಾನು ಬರೆದೆ. ಪರದೇಶದಲ್ಲಿ ಹೆಣ್ಣುಮಕ್ಕಳಿಗೆ ತವರಿನ ಅಣ್ಣನಂತೆ ನೆರಳಾದವರು ಎಂದು ಬರೆದೆ, ರೇಷ್ಮೆ ಸೀರೆ ಉಟ್ಟು ಮೈಕಿನ ಮುಂದೆ ನಿಂತು ಓದಿದೆ. ಧ್ವನಿ ನಡುಗಲಿಲ್ಲ. ಚಪ್ಪಾಳೆ ಬಿತ್ತು. ಅಣ್ಣ ಪೇಟ ಸರಿಮಾಡಿಕೊಳ್ಳುತ್ತ ನನ್ನ ಕಡೆ ನೋಡಿ, ಬಹಳ ಚೆನ್ನಾಗಿ ಓದುತ್ತೀ, ಮೊದಲಿನಿಂದಲೂ, ಎಂದರು.

ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸದೆ ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸಿದೆ. ನೋಟ್‌ಬುಕ್ಕು ಅದರ ತಳದಲ್ಲಿತ್ತು. ಮಗಳು ಬಂದು ಪುಟ ನೋಡಿ, “ವಾಟ್ ಈಸ್ ದಿಸ್, ಅಮ್ಮ? ಸ್ಕ್ರಿಬ್ಲಿಂಗ್?” ಎಂದಳು. ಹಳೆಯ ಆಫೀಸಿನದ್ದು ಎಂದೆ. ಹಳೆಯ ಶಾರ್ಟ್‌ಹ್ಯಾಂಡನ್ನು ಬರೆದವರಿಂದಲೂ ಓದಲಾಗುವುದಿಲ್ಲ ಎಂದು ಸ್ಟೆನೋಗಳು ಹೇಳುತ್ತಾರೆ. ಅಷ್ಟು ವರ್ಷ ನಾನು ಅದನ್ನೇ ನೆಚ್ಚಿಕೊಂಡಿದ್ದೆ. ಸುಳ್ಳು. ಪ್ರತಿ ಗೆರೆಯೂ ಬಾಯಿ ತೆರೆದು ಮಾತಾಡಿತು.

ನಾಚಿಕೆಯೂ ಅಲ್ಲ, ವೀಸಾದ ಭಯವೂ ಅಲ್ಲ. ಅವಳ ಹೇಳಿಕೆಯ ಕೊನೆಯ ಕೆಲವು ಸಾಲುಗಳಿಗೋಸ್ಕರ ನಾನು ಇಡೀ ಹೇಳಿಕೆಯನ್ನು ನುಂಗಿದ್ದು. ಕೈ ಹಿಡಿದರು ಎಂಬ ಮಾತು ಅವಳದ್ದಲ್ಲ, ನನ್ನದು. ಅದಕ್ಕೂ ಒಂದು ವರ್ಷಕ್ಕೆ ಮೊದಲೇ ಒಂದು ಸಂಜೆ, ಅಣ್ಣ ನನ್ನ ಕೈ ಹಿಡಿದರು ಎಂದು ಗಂಡನಿಗೆ ನಾನು ಹೇಳಿದ್ದು ಅಷ್ಟೇ, ಅವರು ಕೈ ತಾನೇ ಬಿಡು ಎಂದಿದ್ದೂ ಅಷ್ಟೇ. ಅದು ಕೈ ಮಾತ್ರ ಆಗಿರಲಿಲ್ಲ. ನಾನು ಅಂದು ಹೊದ್ದುಕೊಂಡ ಆ ಸುಳ್ಳನ್ನೇ ಅವಳಿಗೂ ಹೊದಿಸಿದೆ.

ಅವಳು ಅಂದು ಹೇಳಿದ್ದನ್ನು, ಅಂದು ಹೇಳಿದ ಹಾಗೆ, ತಿದ್ದದೆ ಇಲ್ಲಿ ಇಳಿಸುತ್ತಿದ್ದೇನೆ.

“ಗುರುವಾರ ಎಲ್ಲರೂ ಹೋದ್ರು. ಅಣ್ಣ ಹೇಳಿದ್ರು ಕ್ಯಾಬಿನ್ ಕ್ಲೀನ್ ಮಾಡು. ನಾನು ಒಳಗೆ ಹೋದೆ. ಬಾಗಿಲು ಹಾಕಿದ್ರು. ನಾನು ಬೇಡ ಹೇಳಿದೆ. ಕನ್ನಡದಲ್ಲಿ ಹೇಳಿದೆ, ಅರಬಿಯಲ್ಲಿ ಹೇಳಿದೆ, ನನ್ನ ಭಾಷೆಯಲ್ಲಿ ಹೇಳಿದೆ. ಬಾಯಿ ಮುಚ್ಚಿದ್ರು. ನೆಲಕ್ಕೆ ಹಾಕಿದ್ರು. ಗಂಡ ಹೆಂಡತಿ ಮಾಡುವ ಕೆಲಸ ನನಗೆ ಜೋರು ಮಾಡಿ ಮಾಡಿದ್ರು. ನಾನು ಅವರ ಕೈ ಕಚ್ಚಿದೆ, ಗುರುತು ಉಂಟು, ಹೋಗಿ ನೋಡಿ. ಆಮೇಲೆ ಹೇಳಿದ್ರು, ಹೋಗಿ ಟೀ ತಾ. ಮನೆಯಲ್ಲೂ ಮಾಡಿದ್ದಾರೆ, ಎರಡು ಸಲ. ಮನೆಯ ಅಮ್ಮನಿಗೆ ಹೇಳಿದೆ. ಅಮ್ಮ ನನ್ನನ್ನು ಆಫೀಸಿಗೆ ಕಳಿಸಿದ್ರು. ನಾನು ಸುಳ್ಳು ಹೇಳುದಿಲ್ಲ. ಈ ಅಕ್ಕನಿಗೆ ಗೊತ್ತುಂಟು. ಅಕ್ಕನಿಗೂ ಬಾಗಿಲು ಹಾಕಿದ್ದಾರೆ. ನಾನು ಹೊರಗೆ ನೆಲ ಒರೆಸ್ತಾ ಇದ್ದೆ. ಅಕ್ಕ ಒಳಗಿಂದ ಬಂದು ವಾಂತಿ ಮಾಡಿದ್ಲು. ನಾನು ನೀರು ಕೊಟ್ಟೆ. ಅಕ್ಕಾ, ಯಾಕೆ ಕೈ ನಿಲ್ಲಿಸಿದ್ದು? ಇದನ್ನೂ ಬರಿ.”